ಏಳು ಸಲ ಅಳಿಸಿದ ಗೇಟು

ಕಬ್ಬಿಣದ ಒಂದು ಗೇಟನ್ನು ನಾನು ತೋರುಬೆರಳಿನಿಂದ ಏಳು ಸಲ ಅಳಿಸಿದ್ದೇನೆ. ಏಳು ಎಂಬ ಲೆಕ್ಕ ನನ್ನದಲ್ಲ, ಯಂತ್ರದ್ದು. ನನ್ನನ್ನು ಕೇಳಿದ್ದರೆ ಎರಡು ಅನ್ನುತ್ತಿದ್ದೆ. ಆಣೆ ಹಾಕಿಸಿದ್ದರೆ ಮೂರಕ್ಕೆ ಒಪ್ಪುತ್ತಿದ್ದೆನೇನೋ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಅಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿಕೊಂಡವರು. ಪೆನ್ನು ಹಿಡಿದವನಿಗೆ ಬಿಸಿಲು ತಾಗುವುದಿಲ್ಲ ಎಂದು ನಂಬಿ ನಾನು ಹೊಲ ಬಿಟ್ಟು ಚೆಟ್ಟಳ್ಳಿ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆದೆ. ರೈಟರ್ ಎಂದರೆ ತೋಟದ ಗುಮಾಸ್ತ. ಬೆಳಿಗ್ಗೆ ಆಳುಗಳ ಹೆಸರು ಕೂಗಿ ಮಸ್ಟರ್ ಪುಸ್ತಕದಲ್ಲಿ ಹಾಜರಿ ಹಾಕುವುದು, ಯಾರಿಗೆ ಯಾವ ಸಾಲು ಎಂದು ಹಂಚುವುದು, ಸಾಹುಕಾರರು ಜೀಪಿನಿಂದ ಇಳಿಯುವ ಮೊದಲು ಪುಸ್ತಕವನ್ನು ಅವರ ಮನಸ್ಸಿಗೆ ಬರುವ ಹಾಗೆ ತಿದ್ದಿ ಇಡುವುದು. ಮೂವತ್ತೈದು ವರ್ಷ ಇಷ್ಟನ್ನು ಮಾಡಿದೆ. ಮೂರನೆಯ ಕೆಲಸದಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ.

ನಿವೃತ್ತನಾದ ಮೇಲೆ ಕೂಗಲು ಹೆಸರುಗಳಿಲ್ಲದೆ ಗಂಟಲು ಕಟ್ಟಿದಂತಾಗಿತ್ತು. ಮಗಳಿಗೆ ವಿರಾಜಪೇಟೆಯ ಆಸ್ಪತ್ರೆಯಲ್ಲಿ ಪಾಳಿಯ ಕೆಲಸವಾದ್ದರಿಂದ ಮೊಮ್ಮಗಳು ನಮ್ಮಲ್ಲೇ ಇದ್ದು ಊರಿನ ಸರ್ಕಾರಿ ಶಾಲೆಗೆ ಹೋಗುತ್ತಿದ್ದಳು. ಪೋಷಕರ ಸಭೆಯಲ್ಲಿ ಶಾಲಾ ಸಮಿತಿಗೆ ಅಧ್ಯಕ್ಷರು ಬೇಕು ಎಂದಾಗ ಎಲ್ಲರೂ ನೆಲ ನೋಡಿದರು. ನಾನೊಬ್ಬ ತಲೆ ಎತ್ತಿದೆ. ಇದನ್ನು ಜನಬೆಂಬಲ ಎಂದು ಭಾವಿಸಿ ಒಂದು ವಾರ ಬಿಳಿ ಅಂಗಿ ತೊಟ್ಟು ಓಡಾಡಿದೆ.

ಹೀಗೆ ಅಧ್ಯಕ್ಷನಾಗಿದ್ದಾಗಲೇ ನಮ್ಮ ಸಾಹುಕಾರರು ಶಾಲೆಗೆ ಹದಿನೈದು ಟ್ಯಾಬ್‌ಗಳನ್ನೂ ಗೋಡೆಗೆ ಹಾಕುವ ಒಂದು ದೊಡ್ಡ ಪರದೆಯನ್ನೂ ದಾನ ಮಾಡಿದರು. ಏಳನೆಯ ತರಗತಿಯಲ್ಲಿ ಇದ್ದದ್ದು ಹದಿನಾಲ್ಕೇ ಮಕ್ಕಳು, ಒಂದು ಟ್ಯಾಬ್ ಹೆಚ್ಚಿಗೆ ಉಳಿಯಿತು. ಉದ್ಘಾಟನೆಯ ದಿನ ಟೇಪು ಕತ್ತರಿಸಲು ಕತ್ತರಿ ಸಿಗದೆ ನನ್ನ ಹೆಂಡತಿಯ ಹೊಲಿಗೆಯ ಕತ್ತರಿ ತರಿಸಿದೆವು. ನನ್ನ ಭಾಷಣದಲ್ಲಿ ತಂತ್ರಜ್ಞಾನ ಎಂಬ ಪದ ಒಂಬತ್ತು ಸಲ ಬಂತು ಎಂದು ಮೊಮ್ಮಗಳು ಎಣಿಸಿದ್ದಳು. ಅದು ಏನು ಎಂದು ಒಂದು ಸಲವೂ ಬರಲಿಲ್ಲ.

ಟ್ಯಾಬ್‌ಗಳನ್ನು ಕಾಪಾಡಲು ನಾನು ಮಾಡಿದ ಮೊದಲ ಕೆಲಸ ಅವನ್ನು ಮಕ್ಕಳಿಂದ ದೂರ ಇಟ್ಟದ್ದು. ಆಫೀಸು ಕೋಣೆಯ ಕಬ್ಬಿಣದ ಬೀರುವಿನಲ್ಲಿ ಸಾಲಾಗಿ ಜೋಡಿಸಿದೆ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಟ್ಯಾಬ್ ಬಿಡುತ್ತದೆಯೇ? ಬೀರುವಿನೊಳಗೆ ಒಂದು ಹಳೆಯ ಬಲ್ಬು ಉರಿಸಿ, ಮೇಲೊಂದು ಕಂಬಳಿ ಹೊದಿಸಿ, ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದೆ. ಕೋಳಿ ಮೊಟ್ಟೆ ಮರಿಯಾಗುವಷ್ಟು ಬೆಚ್ಚಗೆ ಅವು ಎರಡು ತಿಂಗಳು ಮಲಗಿದ್ದವು. ಇಲಾಖೆಯಿಂದ ಯಾರಾದರೂ ಬಂದರೆ ಬೀರು ತೆರೆದು ತೋರಿಸುತ್ತಿದ್ದೆ. "ಒಂದೂ ಕೆಟ್ಟಿಲ್ಲ ಸಾರ್" ಎನ್ನುತ್ತಿದ್ದೆ. ಅವರೂ ಮೆಚ್ಚಿ ಬರೆದುಕೊಂಡು ಹೋಗುತ್ತಿದ್ದರು.

ಆಗ ಸೋಮವಾರಪೇಟೆ ಕಡೆಯಿಂದ ಹೊಸ ಟೀಚರ್ ಬಂದರು. ತೆಳ್ಳಗಿನ ಹೆಣ್ಣುಮಗಳು, ಮಾತು ಮೆತ್ತಗೆ. ಮೆತ್ತಗಿನ ಮಾತಿನವರನ್ನು ಹೆದರಿಸುವುದು ಸುಲಭ ಎಂದುಕೊಂಡಿದ್ದೆ.

"ಅಧ್ಯಕ್ಷರೇ, ಬೀರು ಕೀ ಕೊಡಿ."

"ಯಾಕಮ್ಮಾ?"

"ಪಾಠ ಮಾಡಕ್ಕೆ."

"ಅದಕ್ಕೆ ಕರಿಹಲಗೆ ಇದ್ಯಲ್ಲ."

"ಇದೆ. ಅದಕ್ಕೆ ನೀವಿನ್ನೂ ಬೀಗ ಹಾಕಿಲ್ವಲ್ಲ, ಹಾಗಾಗಿ ದಿನಾ ಬಳಸ್ತಿದೀನಿ."

ಕೀಲಿ ಕೊಟ್ಟೆ. ಆದರೆ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನಿಗಾ ಇಡುತ್ತೇನೆ ಎಂದೆ. "ಬನ್ನಿ, ಖಾಲಿ ಇದೆ" ಎಂದರು.

ಅಲ್ಲಿ ನಾನು ಕಂಡದ್ದು ನನ್ನ ವೃತ್ತಿಧರ್ಮಕ್ಕೇ ವಿರುದ್ಧವಾಗಿತ್ತು. ಹದಿನಾಲ್ಕು ಮಕ್ಕಳು ಹದಿನಾಲ್ಕು ಟ್ಯಾಬ್ ಹಿಡಿದಿದ್ದಾರೆ, ಆದರೆ ಬರೆಯುತ್ತಿರುವ ಹಾಳೆ ಒಂದೇ. ಅದೇ ಹಾಳೆ ಗೋಡೆಯ ಪರದೆಯ ಮೇಲೂ ಇದೆ. ಒಬ್ಬ ಗೆರೆ ಎಳೆದರೆ ಇನ್ನೊಬ್ಬಳು ಅದಕ್ಕೆ ಬಣ್ಣ ತುಂಬುತ್ತಾಳೆ, ಮೂರನೆಯವನು ಬಂದು ಎರಡನ್ನೂ ಅಳಿಸಿ ನಗುತ್ತಾನೆ. ಯಾರ ಬೆರಳು ಎಲ್ಲಿ ಓಡಾಡುತ್ತಿದೆ ಎಂದು ತೋರಿಸಲು ಬೆರಳಿನ ಹಿಂದೆ ಒಂದು ಪುಟ್ಟ ಹೆಸರು ಬಾಲದಂತೆ ಹೋಗುತ್ತದೆ.

ಕಾಫಿ ತೋಟದಲ್ಲಿ ಒಂದು ಸಾಲಿಗೆ ಒಬ್ಬರು. ಅದು ನಿಯಮ. ಎರಡು ಜನ ಒಂದು ಸಾಲಿನಲ್ಲಿ ನಿಂತರೆ ಕೆಲಸ ನಿಲ್ಲುತ್ತದೆ, ಮಾತು ಶುರುವಾಗುತ್ತದೆ. ನಾನು ಎದ್ದು ನಿಂತು ಕೇಳಿದೆ, "ಇದರಲ್ಲಿ ಯಾರ ಸಾಲು ಯಾವ್ದಮ್ಮಾ?"

"ಎಲ್ಲರದ್ದೂ ಸಾರ್."

"ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ ಅಂತ. ಹಾಳೆ ಭಾಗ ಮಾಡಿ, ತಲೆಗೊಂದು ಕೋಣೆ ಕೊಡಿ."

ನನ್ನ ಬಿಳಿ ಅಂಗಿಗೆ ಬೆಲೆ ಕೊಟ್ಟು ಅವರು ಆ ವಾರ ಹಾಳೆಯಲ್ಲಿ ಹದಿನಾಲ್ಕು ಕೋಣೆ ಮಾಡಿದರು. ಹದಿನಾಲ್ಕು ಮಕ್ಕಳೂ ಹದಿನಾಲ್ಕು ರಾಷ್ಟ್ರಧ್ವಜ ಬರೆದು ಕೈಕಟ್ಟಿ ಕುಳಿತರು. ಶಿಸ್ತು ಎಂದರೆ ಇದು ಎಂದು ನನಗೆ ಬಹಳ ಸಂತೋಷವಾಯಿತು. ಮುಂದಿನ ವಾರ ಟೀಚರ್ ಕೋಣೆಗಳನ್ನು ಅಳಿಸಿದ್ದರು.

ಈ ವಿದ್ಯೆಯನ್ನು ಕಲಿಸಲು ಬೆಂಗಳೂರಿನಿಂದ ಒಬ್ಬ ತರಬೇತುದಾರನೂ ಬರುತ್ತಿದ್ದ. ಕೊಲ್ಯಾಬರೇಷನ್ ಎಂಬ ಮಾತಿಲ್ಲದೆ ಅವನಿಂದ ನೀರು ಕೇಳಲೂ ಆಗುತ್ತಿರಲಿಲ್ಲ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಿ, ಹಿಂದೆ ಬಿದ್ದವರನ್ನು ಜೊತೆಗೆ ಎಳೆದುಕೊಂಡು ಹೋಗುವುದು ಎಂದು ಅವನು ಅದನ್ನು ವಿವರಿಸಿದಾಗ ನನಗೆ ಪಿಕಿಂಗ್, ಅಂದರೆ ಕಾಫಿ ಕೊಯ್ಲಿನ ಕಾಲ ನೆನಪಾಯಿತು. ಹಣ್ಣು ಕೊಯ್ಯುವ ಹೆಂಗಸರಲ್ಲಿ ಒಬ್ಬಳಿಗೆ ಕೈಬೆರಳು ಸೊಟ್ಟಗಾಗಿತ್ತು. ಅವಳ ಸಾಲು ಹಿಂದೆ ಬಿದ್ದರೆ ಎಡಬಲದವರು ಗಿಡ ಸರಿಸಿಕೊಂಡು ನುಗ್ಗಿ ಅವಳ ಚೀಲಕ್ಕೆ ನಾಲ್ಕು ಹಿಡಿ ಸುರಿದು ಬರುತ್ತಿದ್ದರು. ನಾನು ಶಿಳ್ಳೆ ಊದಿ ಕೂಗುತ್ತಿದ್ದೆ, "ನಿಮ್ಮ ನಿಮ್ಮ ಸಾಲಿಗೆ ಹೋಗ್ರೇ!" ಅದನ್ನು ನಾನು ಮೋಸ ಎಂದು ಕರೆಯುತ್ತಿದ್ದೆ. ಬೆಂಗಳೂರಿನಿಂದ ಕಾರಿನಲ್ಲಿ ತರಿಸಬೇಕಾದ ವಿದ್ಯೆ ನಮ್ಮ ತೋಟದ ಹೆಂಗಸರಿಗೆ ಮೊದಲೇ ಗೊತ್ತಿತ್ತು. ಅದನ್ನು ಬಿಡಿಸುವುದಕ್ಕೆ ತೋಟದವರು ನನ್ನನ್ನು ಇಟ್ಟಿದ್ದರು.

ಇನ್ನು ಗೇಟಿನ ವಿಷಯ.

ತೋಟದ ಆಳುಗಳ ಮನೆಗಳ ಸಾಲಿಗೆ ಲೈನು ಎನ್ನುತ್ತೇವೆ. ನಮ್ಮ ತೋಟದ ಲೈನು ಗುಡ್ಡದ ಹಿಂದಿದೆ. ಅಲ್ಲಿನ ಮಕ್ಕಳು ಬಂಗಲೆಯ ಹಿತ್ತಲಿನ ದಾರಿಯಲ್ಲಿ ಹತ್ತು ನಿಮಿಷದಲ್ಲಿ ಶಾಲೆಗೆ ಬರುತ್ತಿದ್ದರು. ಬಂಗಲೆ ಹೋಮ್‌ಸ್ಟೇ ಆದ ಮೇಲೆ ತೊಂದರೆ ಶುರುವಾಯಿತು. ಹಕ್ಕಿಗಳ ದನಿ ಕೇಳಲು ದೂರದಿಂದ ಬಂದವರಿಗೆ ಬೆಳಿಗ್ಗೆ ಎಂಟೂವರೆಗೆ ಮಕ್ಕಳ ದನಿ ಕೇಳಿಸುತ್ತಿತ್ತಂತೆ. ಸಾಹುಕಾರರು ನನ್ನನ್ನು ಕರೆಸಿ, "ಏನಾದ್ರೂ ಮಾಡಿ ರೈಟರೇ" ಎಂದರು. ಅವರು ಹೇಳಿದ್ದು ಅಷ್ಟೇ. ಹಿತ್ತಲಿನ ದಾರಿಯ ಗೇಟಿಗೆ ಬೀಗ ಹಾಕುವ ಉಪಾಯ ನನ್ನದು. ಅಮ್ಮತ್ತಿಯ ಸಂತೆಯ ದಿನ ಹೋಗಿ ನಾಲ್ಕು ಅಂಗಡಿ ನೋಡಿ ದಪ್ಪನೆಯ ಬೀಗ ತಂದವನೂ ನಾನೇ. ಒಂದು ಕೀಲಿ ಬಂಗಲೆಯಲ್ಲಿ, ಇನ್ನೊಂದು ನಮ್ಮ ಮನೆಯ ಕನ್ನಡಿಯ ಪಕ್ಕದ ಮೊಳೆಯಲ್ಲಿ.

ಅಂದಿನಿಂದ ಲೈನಿನ ಮಕ್ಕಳು ಆನೆ ಕಂದಕದ ಬದಿಯಲ್ಲಿ ಸುತ್ತಿ ಮುಕ್ಕಾಲು ಗಂಟೆ ನಡೆದು ಬರತೊಡಗಿದರು. ಅವರಲ್ಲಿ ಒಬ್ಬಳು ಮೊಮ್ಮಗಳ ತರಗತಿಯವಳು. ಮನೆಯಲ್ಲಿ ತಮಿಳು ಆಡುವ, ಶಾಲೆಯಲ್ಲಿ ಎಲ್ಲವನ್ನೂ ಆಡುವ ಚುರುಕು ಹುಡುಗಿ. ಒಂದನೆಯ ತರಗತಿಯಿಂದಲೂ ಇವರಿಬ್ಬರದು ಒಂದೇ ಬೆಂಚು, ಒಂದೇ ಊಟದ ಜಾಗ. ಮೊಮ್ಮಗಳಿಗೆ ಬೇರೆ ಗೆಳತಿ ಎಂಬುವಳೇ ಇರಲಿಲ್ಲ. ಮಾತು ಕಡಿಮೆಯ ಮಗು. ಅವಳ ಪಾಲಿನ ಮಾತನ್ನೂ ಆ ಹುಡುಗಿಯೇ ಆಡಿಬಿಡುತ್ತಿದ್ದಳು.

ಟೀಚರ್ ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ಎಲ್ಲರೂ ಸೇರಿ ಆ ಒಂದೇ ಹಾಳೆಯಲ್ಲಿ ಊರಿನ ನಕ್ಷೆ ಬರೆಯಬೇಕು, ತಮ್ಮ ತಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯನ್ನು ಗುರುತಿಸಬೇಕು. ಮಕ್ಕಳು ಮೈಮರೆತರು. "ಇಲ್ಲಿ ಜೀಪಿಗೆ ಕೈ ಅಡ್ಡ ಹಿಡಿದರೆ ಹತ್ತಿಸಿಕೊಳ್ಳುತ್ತಾರೆ." "ಈ ಮನೆಯ ಅಜ್ಜಿ ಕಿತ್ತಳೆ ಕೊಡುತ್ತಾರೆ." ಒಬ್ಬ "ಈ ನಾಯಿ ಕಚ್ಚುವುದಿಲ್ಲ" ಎಂದು ಬರೆದ. ಮರುದಿನ ಇನ್ನೊಬ್ಬಳು ಕೆಳಗೆ "ಈಗ ಕಚ್ಚುತ್ತದೆ" ಎಂದು ಸೇರಿಸಿದ್ದಳು. ನನ್ನ ಮಸ್ಟರ್ ಪುಸ್ತಕದ ಮೂವತ್ತೈದು ವರ್ಷಗಳಲ್ಲಿ ಇಷ್ಟು ಉಪಯೋಗದ ಮಾಹಿತಿ ಒಂದು ಸಾಲೂ ಇರಲಿಲ್ಲ.

ದಾನಿಗಳಿಗೆ ತೋರಿಸುವ ದಿನ ಬಂತು. ಸಾಹುಕಾರರು ಬಂದರು, ಇಲಾಖೆಯಿಂದ ಒಬ್ಬರು ಬಂದರು, ತರಬೇತುದಾರ ಬಂದ, ಹೋಮ್‌ಸ್ಟೇಯ ಇಬ್ಬರು ಅತಿಥಿಗಳು ಕ್ಯಾಮೆರಾ ಹಿಡಿದು ಬಂದರು. ಕುರ್ಚಿ ಸಾಲದೆ ಅಧ್ಯಕ್ಷರ ಕುರ್ಚಿಯನ್ನು ಅತಿಥಿಗೆ ಕೊಟ್ಟು ನಾನು ಹಿಂದಿನ ಬೆಂಚಿನಲ್ಲಿ ಮೊಮ್ಮಗಳ ಪಕ್ಕ ಕುಳಿತೆ. ಅಂದು ಪ್ರತಿ ಬೆಂಚಿಗೆ ಒಬ್ಬೊಬ್ಬರನ್ನೇ ಕೂರಿಸಿದ್ದರು. ಲೈನಿನ ಹುಡುಗಿ ಮೊದಲ ಸಾಲಿನಲ್ಲಿದ್ದಳು.

ನಕ್ಷೆ ಗೋಡೆಯ ಮೇಲೆ ಬಂತು. ಟೀಚರ್ ಒಬ್ಬೊಬ್ಬರಿಗೆ ತಮ್ಮ ದಾರಿಯನ್ನು ಎಲ್ಲರೆದುರು ಎಳೆಯಲು ಹೇಳಿದರು. ಅಷ್ಟರಲ್ಲಿ ಅತಿಥಿಗಳಿಗೆ ಕಾಫಿ ತರಲು ಮೊಮ್ಮಗಳನ್ನು ಅಡುಗೆಕೋಣೆಗೆ ಕಳಿಸಿದರು. ಅವಳು ಟ್ಯಾಬನ್ನು ಬೆಂಚಿನ ಮೇಲಿಟ್ಟು ಹೋದಳು.

ಲೈನಿನ ಹುಡುಗಿಯ ಸರದಿ. ಕೆಂಪು ಗೆರೆ ಲೈನಿನಿಂದ ಹೊರಟು ಬಂಗಲೆಯ ಹಿತ್ತಲಿಗೆ ಬಂದು ನಿಂತಿತು. ಅಲ್ಲೊಂದು ಕಪ್ಪು ಗೇಟು ಬಂತು. ಗೇಟಿನ ಮೇಲೆ ಕುಂಬಳಕಾಯಿ ಗಾತ್ರದ ಬೀಗ ಬಂತು. ಕೆಂಪು ಗೆರೆ ಹಿಂದೆ ತಿರುಗಿ ಕಂದಕದ ಬದಿ ಹಿಡಿಯಿತು. "ಮೊದಲು ಹತ್ತು ನಿಮಿಷ" ಎಂಬ ಅಕ್ಷರಗಳು ಮೂಡಿದವು.

ಸಾಹುಕಾರರ ಕುತ್ತಿಗೆ ನನಗೆ ಹಿಂದಿನಿಂದ ಕಾಣುತ್ತಿತ್ತು. ಇವರ ಮತ್ತು ಇವರ ಅಪ್ಪನ, ಇಬ್ಬರ ಕುತ್ತಿಗೆಯನ್ನೂ ಮೂವತ್ತೈದು ವರ್ಷ ಹಿಂದಿನಿಂದಲೇ ಓದಿದವನು ನಾನು. ಅದು ಕೆಂಪಾಗುತ್ತಿತ್ತು. ಹಳೆಯ ಅಭ್ಯಾಸ ಮೈಯೊಳಗೆ ಎದ್ದು ಕುಳಿತಿತು: ದೊರೆ ನೋಡುವ ಮೊದಲು ಪುಸ್ತಕ ತಿದ್ದು. ದೊರೆ ಆಗಲೇ ನೋಡಿದ್ದಾರೆ ಎಂಬುದು ತಲೆಗೆ ಹೊಳೆಯಲಿಲ್ಲ. ಮೊಮ್ಮಗಳ ಟ್ಯಾಬನ್ನು ಎಳೆದುಕೊಂಡು, ಓದುವ ಕನ್ನಡಕ ಹಾಕಿ, ಮಕ್ಕಳು ಒತ್ತುವುದನ್ನು ನೋಡಿದ್ದ ರಬ್ಬರಿನ ಚಿತ್ರವನ್ನು ಒತ್ತಿ, ಗೇಟಿನ ಮೇಲೆ ಬೆರಳು ಉಜ್ಜಿದೆ. ತಲೆ ಎತ್ತಿದರೆ ಗೋಡೆಯ ಮೇಲೂ ಗೇಟಿಲ್ಲ. ಮೂವತ್ತೈದು ವರ್ಷ ಹೊಡೆದುಹಾಕಿದ ಸಾಲುಗಳಲ್ಲಿ ಒಂದೂ ಇಷ್ಟು ಚೊಕ್ಕವಾಗಿ ಹೋಗಿರಲಿಲ್ಲ. ಹೆಮ್ಮೆಯಾಯಿತು ಎಂದರೆ ನಂಬಿ.

ಗೇಟು ಮತ್ತೆ ಬಂತು. ಅಳಿಸಿದೆ. ಮತ್ತೆ ಬಂತು, ಈ ಸಲ ಬೀಗ ಇನ್ನೂ ದೊಡ್ಡದು. ಅಳಿಸಿದೆ. ಓದುವ ಕನ್ನಡಕದಲ್ಲಿ ದೂರದ್ದು ಮಸುಕು. ಗೇಟಿನ ಆಕಾರವಷ್ಟೇ ಕಾಣುತ್ತಿತ್ತು. ನನ್ನ ಬೆರಳಿನ ಹಿಂದೆ ಗೋಡೆಯ ಮೇಲೆ ಓಡಾಡುತ್ತಿದ್ದ ಪುಟ್ಟ ಹೆಸರು ಕಾಣಲಿಲ್ಲ. ಅದು ಮೊಮ್ಮಗಳ ಹೆಸರು.

ತರಬೇತುದಾರ ಕುರ್ಚಿಯಿಂದ ಹಾರಿ ಎದ್ದ. "ನೋಡಿ ಸಾರ್, ನೋಡಿ! ಒಬ್ರು ಬರೀತಿದಾರೆ, ಇನ್ನೊಬ್ರು ತಿದ್ತಿದಾರೆ. ಯಾರೂ ಹೇಳ್ಕೊಟ್ಟಿಲ್ಲ. ಇದೇ ಕೊಲ್ಯಾಬರೇಷನ್!"

ಇಲಾಖೆಯವರು ಚಪ್ಪಾಳೆ ತಟ್ಟಿದರು. ಅತಿಥಿಗಳು ವಿಡಿಯೊ ತೆಗೆದರು. ಸಾಹುಕಾರರು ಎಲ್ಲರಿಗಿಂತ ನಿಧಾನವಾಗಿ ತಟ್ಟಿದರು. ಚಪ್ಪಾಳೆಯ ನಡುವೆ ಗೇಟು ಬರುತ್ತಿತ್ತು, ಹೋಗುತ್ತಿತ್ತು. ಕೊನೆಗೆ ಬರಲಿಲ್ಲ. ಹುಡುಗಿ ತನ್ನ ಟ್ಯಾಬನ್ನು ಬೆಂಚಿನ ಮೇಲೆ ಬೋರಲು ಹಾಕಿದಳು. ಗೆದ್ದೆ ಎಂದುಕೊಂಡೆ. ಎಪ್ಪತ್ತು ದಾಟಿದವನು ಹನ್ನೆರಡರ ಹುಡುಗಿಯ ಮೇಲೆ ಗೆದ್ದದ್ದು.

ಆಗ ಮೊಮ್ಮಗಳು ಕಾಫಿಯ ತಟ್ಟೆ ಹಿಡಿದು ಬಂದಳು. ಎಲ್ಲರೂ ಗೋಡೆ ನೋಡುತ್ತಿದ್ದರು. ಲೋಟಗಳನ್ನು ಕೊಟ್ಟು ನನ್ನ ಪಕ್ಕ ಕುಳಿತಳು. ನಾನು ಟ್ಯಾಬನ್ನು ಅವಳ ಕೈಗಿಟ್ಟು, "ತಗೋ, ನಿಂದು" ಎಂದೆ.

ಲೈನಿನ ಹುಡುಗಿ ಹಿಂದೆ ತಿರುಗಿ ನೋಡಿದ್ದು ಆ ಹೊತ್ತಿಗೇ.

ನಾನು ಮಾಡಿದ್ದರಲ್ಲಿ ಕೀಳಾದದ್ದು ಗೇಟು ಅಳಿಸಿದ್ದಲ್ಲ, ಬೀಗ ತಂದದ್ದೂ ಅಲ್ಲ. ಆ ಎರಡು ಮಾತು: ತಗೋ, ನಿಂದು.

ಮಧ್ಯಾಹ್ನದ ಊಟಕ್ಕೆ ಹುಡುಗಿ ತಟ್ಟೆ ಎತ್ತಿಕೊಂಡು ನೀರಿನ ತೊಟ್ಟಿಯ ಬಳಿ ಲೈನಿನ ಉಳಿದ ಮಕ್ಕಳ ಜೊತೆ ಕುಳಿತಳು. ಮೊಮ್ಮಗಳು ಜಗಲಿಯಲ್ಲಿ ಒಬ್ಬಳೇ. ಹೋಗಿ ಪಕ್ಕ ಕೂರಲು ನೋಡಿದಳು.

"ಇಲ್ಲಿ ಜಾಗ ಇಲ್ಲ, ಗೇಟ್ ಹಾಕಿದೀವಿ" ಎಂದ ಒಬ್ಬ ಹುಡುಗ.

"ನಾನ್ ಅಳಿಸಿಲ್ಲ ಕಣೇ" ಎಂದಳು ಇವಳು ಗೆಳತಿಗೆ.

"ನಿನ್ ಹೆಸ್ರು ಬಂತಲ್ಲ ಗೋಡೆ ಮೇಲೆ. ನಂಗೆ ಓದಕ್ ಬರಲ್ವಾ?"

"ನಾನಲ್ಲ."

"ಪಿನ್ನೆ ಯಾರು? ಹೇಳು."

ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತು ಇಲಾಖೆಯವರಿಗೆ ಬಾಳೆಹಣ್ಣು ಸುಲಿದುಕೊಡುತ್ತಿದ್ದೆ. ಮೊಮ್ಮಗಳು ನನ್ನ ಕಡೆ ನೋಡಿದಳು. ನಾನು ಬಾಳೆಹಣ್ಣನ್ನು ನೋಡಿದೆ.

ಮರುದಿನ ನಕ್ಷೆಯಲ್ಲಿ ನಮ್ಮ ಮನೆಯಿಂದ ಶಾಲೆಗೆ ಬರುವ ಹಸಿರು ಗೆರೆಯ ಮೇಲೆ ಉದ್ದಕ್ಕೂ ಗೇಟುಗಳಿದ್ದವು. ಹನ್ನೊಂದು ಗೇಟು, ಹನ್ನೊಂದು ಬೀಗ, ಬೇರೆ ಬೇರೆ ಬಣ್ಣ. ಮಕ್ಕಳೆಲ್ಲ ಕೂಡಿ ಬರೆದದ್ದು. ಟೀಚರ್ ಬೈದು ಅಳಿಸಿದರು. ಅದರ ಮರುದಿನ ಮೊಮ್ಮಗಳಿಗೆ ಹೊಟ್ಟೆನೋವು. ಅದರ ಮರುದಿನ ತಲೆನೋವು. "ಅಜೀರ್ಣ ಇರ್ಬೇಕು, ಶುಂಠಿ ಕಷಾಯ ಕೊಡು" ಎಂದು ಹೆಂಡತಿಗೆ ಹೇಳಿದೆ. ಮೂರು ದಿನ ಆ ಮಗು ನನ್ನ ತಪ್ಪಿಗೆ ಕಷಾಯ ಕುಡಿಯಿತು.

ಶಾಲೆಯ ಅಡುಗೆಯವಳು ಕರಿಕೆ ಕಡೆಯ ಮಲಯಾಳಿ ಹೆಂಗಸು. ನಾನು ಅಕ್ಕಿಯ ಚೀಲ ನೋಡುವ ನೆಪದಲ್ಲಿ ಹೋದಾಗ ಸೌಟು ಹಿಡಿದೇ ಕೇಳಿದಳು.

"ಸಾರೇ, ಅವತ್ತು ಆ ಮೋಳ್, ನಿಮ್ಮ ಮೊಮ್ಮಗಳು, ಕಾಪಿಗೆ ಬಂದದ್ದು ನನ್ನ ಹತ್ರ ಅಲ್ವಾ?"

"ಹೌದು, ಏನೀಗ?"

"ಲೋಟ ತೊಳೆದು, ಸಕ್ಕರೆ ಹಾಕಿ, ಎಲ್ಲ ಅದೇ ಮಾಡಿದ್ದು. ಎಷ್ಟು ಹೊತ್ತು ಆಯ್ತು! ಪಿನ್ನೆ ಒಳಗೆ ಅಳಿಸಿದ್ದು ಯಾರು, ಅದ್ರ ದೆವ್ವವಾ?"

"ನಂಗೇನು ಗೊತ್ತು? ಯಂತ್ರದ ದೋಷ ಇರ್ಬೇಕು."

"ಹಾ, ಹಾ. ಯಂತ್ರಕ್ಕೆ ಬಿಳೀ ಅಂಗಿ ಹಾಕಿದ್ರೆ ಹಾಗೆಲ್ಲ ಆಗ್ತದೆ" ಎಂದು ಅವಳು ಸಾರು ತಿರುವಿದಳು.

ಮನೆಯಲ್ಲಿ ಮೊಮ್ಮಗಳು ಒಂದು ಮಾತೂ ಕೇಳಿರಲಿಲ್ಲ. ಅಂದು ಸಂಜೆ ಅಂಗಳದಲ್ಲಿ ಕಾಳುಮೆಣಸು ಹರಡುತ್ತಿದ್ದಾಗ ತಲೆ ಎತ್ತದೆ ಕೇಳಿದಳು, "ತಾತ, ಮಸ್ಟರ್ ಹಾಕೋವಾಗ ಒಬ್ರು ಮಾಡಿದ್ದನ್ನ ಇನ್ನೊಬ್ರ ಹೆಸ್ರಿಗೆ ಬರೀಬೋದಾ?"

"ಛೆ, ಅದೆಲ್ಲ ಆಗಲ್ಲ" ಎಂದೆ.

"ಗೊತ್ತಾಗದೆ ಬರೆದ್ರೆ?"

"ಗೊತ್ತಾದ್ ಕೂಡ್ಲೆ ಹೊಡೆದುಹಾಕಿ ಪಕ್ಕದಲ್ಲಿ ರುಜು ಮಾಡ್ಬೇಕು."

"ಹೂಂ" ಎಂದು ಅವಳು ಮೆಣಸು ಹರಡಿದಳು. ನಿಯಮವನ್ನು ನನ್ನ ಬಾಯಿಂದಲೇ ಹೇಳಿಸಿ ಒಳಗೆ ಹೋದಳು.

ಮಾರನೆಯ ದಿನ ಟೀಚರ್ ಬಳಿ ಹೋದೆ. ಒಪ್ಪಿಕೊಳ್ಳುವುದಕ್ಕಲ್ಲ, ಪರಿಸ್ಥಿತಿ ಎಷ್ಟರಮಟ್ಟಿಗಿದೆ ಎಂದು ನೋಡಿಕೊಂಡು ಬರುವುದಕ್ಕೆ. ಅವರು ಒಂದು ಟ್ಯಾಬ್ ತೆರೆದು ಹಿಸ್ಟರಿ ಎಂಬ ಜಾಗ ಒತ್ತಿದರು. ನಕ್ಷೆ ಹಿಂದಕ್ಕೆ ಓಡಿತು. ಅಂದಿನ ದಿನ, ಅಂದಿನ ಗಳಿಗೆ. ಗೇಟು ಬಂತು, ಹೋಯಿತು, ಬಂತು, ಹೋಯಿತು. ಏಳು ಸಲ. ಪ್ರತಿ ಸಲವೂ ಮಗುವಿನ ಹೆಸರು ನನ್ನ ಬೆರಳಿನ ಬಾಲ ಹಿಡಿದು ಓಡುತ್ತಿತ್ತು.

"ಇದು ಹೆಸರು ಹೇಳುತ್ತೆ ಸಾರ್. ಬೆರಳು ಯಾರದ್ದು ಅಂತ ಹೇಳಲ್ಲ" ಎಂದರು ಟೀಚರ್. "ಅದನ್ನ ಬೆರಳಿರೋರೇ ಹೇಳ್ಬೇಕು."

ನನಗೆ ಗೊತ್ತಾಗದೆ ನನ್ನ ಬಾಯಿ ಕೇಳಿತು, "ಈ ಹಿಸ್ಟರಿ ಅನ್ನೋದನ್ನ ಅಳಿಸಕ್ಕಾಗುತ್ತಾ ಅಮ್ಮಾ?"

ಟೀಚರ್ ನನ್ನನ್ನೇ ನೋಡಿದರು. ಆಮೇಲೆ ಜೋರಾಗಿ ನಕ್ಕರು. ಮೆತ್ತಗಿನ ಮಾತಿನವರು ಅಷ್ಟು ಜೋರಾಗಿ ನಗುವುದನ್ನು ನಾನು ಕೇಳಿರಲಿಲ್ಲ. "ಇದು ಎಂಟನೇದು ಸಾರ್" ಎಂದರು.

ಕೂರಲು ಕುರ್ಚಿ ಇದ್ದರೂ ನಿಂತೇ ಇದ್ದೆ. "ಹೊಡೆದುಹಾಕಿ ಪಕ್ಕದಲ್ಲಿ ರುಜು ಮಾಡೋಕೆ ಇದರಲ್ಲಿ ಜಾಗ ಇದೆಯಾ?" ಎಂದೆ.

"ನಿಮಗೊಂದು ಹೆಸರು ಬೇಕಾಗುತ್ತೆ" ಎಂದರು.

ತರಗತಿಗೆ ಕರೆದೊಯ್ದು ನನ್ನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ಕೈಗೆ ಹೆಚ್ಚಿಗೆ ಉಳಿದಿದ್ದ ಆ ಒಂದು ಟ್ಯಾಬ್ ಕೊಟ್ಟರು. ಹೆಸರಿನ ಜಾಗದಲ್ಲಿ "ಅಧ್ಯಕ್ಷರು" ಎಂದು ಹಾಕಲು ಹೇಳಿದೆ. ಒಬ್ಬ ಹುಡುಗ, "ಮಿಸ್, ಅದು ಹೆಸರಾ?" ಎಂದ. ಮಕ್ಕಳು ನನ್ನನ್ನು ಕರೆಯುತ್ತಿದ್ದ ಹಾಗೆ "ರೈಟರ್ ತಾತ" ಎಂದಾಯಿತು.

ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದೆ. ಒಂದೊಂದೇ ಅಕ್ಷರ ಗೋಡೆಯ ಮೇಲೆ ಬಂದ ಹಾಗೆ ಮಕ್ಕಳು ಒಟ್ಟಾಗಿ ಗಟ್ಟಿಯಾಗಿ ಓದಿದರು. ಮೊದಲು ಬರೆದದ್ದು ಹೀಗೆ: "ಕಣ್ತಪ್ಪಿನಿಂದ ಗೇಟು ಅಳಿಸಿಹೋಗಿದೆ." ತೋಟದ ಆಫೀಸಿನಲ್ಲಿ ಈ ಒಂದು ಮಾತಿನಿಂದ ನಾನು ಎಷ್ಟೋ ವರ್ಷ ತಳ್ಳಿದ್ದೆ.

ಅದರ ಕೆಳಗೆ ತಟ್ಟನೆ ಎರಡು ಪದ ಮೂಡಿದವು, ಪಕ್ಕದಲ್ಲಿ ಲೈನಿನ ಹುಡುಗಿಯ ಹೆಸರು: "ಏಳು ಸಲವೂ?"

"ಕಣ್ತಪ್ಪಿನಿಂದ" ಎಂಬುದನ್ನು ಅಳಿಸಿ "ಶಾಲೆಯ ಹಿತದೃಷ್ಟಿಯಿಂದ" ಎಂದು ಬರೆದೆ. ಇನ್ಯಾರೋ ಸೇರಿಸಿದರು: "ಯಾವ ಹಿತ?" ಮತ್ತೊಬ್ಬರು: "ನಮಗೆ ಕಾಲು ನೋಯುತ್ತದೆ." ಮತ್ತೊಬ್ಬರು: "ಬೇಗ ಬರೆಯಿರಿ ತಾತ, ಬೆಲ್ ಆಗುತ್ತೆ."

ನನ್ನ ಬರಹವನ್ನು ತಿದ್ದಿದವರು ಮೂವತ್ತೈದು ವರ್ಷದಲ್ಲಿ ಯಾರೂ ಇರಲಿಲ್ಲ. ಹದಿನಾಲ್ಕು ಮಕ್ಕಳು ಒಂದು ಪೀರಿಯಡ್ಡಿನಲ್ಲಿ ತಿದ್ದಿ ತಿದ್ದಿ ನನ್ನಿಂದ ಬರೆಸಿದ್ದು ಇಷ್ಟು: "ಗೇಟು ಅಳಿಸಿದ್ದು ನಾನು. ಅವಳು ಕಾಫಿ ತರಲು ಹೋಗಿದ್ದಳು. ಅಳಿಸಿ ಟ್ಯಾಬನ್ನು ಅವಳ ಕೈಗೆ ಕೊಟ್ಟೆ. ಬೀಗ ತಂದದ್ದೂ ನಾನೇ."

ಮೊಮ್ಮಗಳು ಹಿಂದಿನ ಬೆಂಚಿನಲ್ಲಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕಿವಿ ಕೆಂಪಾಗಿತ್ತು. ಆ ಕುತ್ತಿಗೆಯನ್ನು ಓದುವುದು ನನಗೆ ಬರಲಿಲ್ಲ.

ಲೈನಿನ ಹುಡುಗಿ ಎದ್ದು ನಿಂತಳು. ಕ್ಷಮಿಸುತ್ತಾಳೆ ಎಂದುಕೊಂಡು ನಾನು ಕಣ್ಣು ಒದ್ದೆ ಮಾಡಿಕೊಳ್ಳಲು ತಯಾರಾಗಿದ್ದೆ.

"ರೈಟರ್ ತಾತಾ, ಇದೆಲ್ಲ ಸರಿ. ಆ ಬೀಗದ ಕೀ ಎಲ್ಲುಂಟು?"

"ಅದು... ಬಂಗಲೆಯಲ್ಲಿ ಇರ್ಬೇಕು."

"ಇನ್ನೊಂದು ನಮ್ಮನೇಲಿದೆ. ಕನ್ನಡಿ ಪಕ್ಕ, ಮೊಳೇಲಿ" ಎಂದಳು ಮೊಮ್ಮಗಳು, ಕಿಟಕಿಯಿಂದ ತಿರುಗದೆ. ಅಷ್ಟು ದಿನಗಳಲ್ಲಿ ಅವಳು ತರಗತಿಯಲ್ಲಿ ಆಡಿದ ಮೊದಲ ಮಾತು. ಮಕ್ಕಳೆಲ್ಲ ನನ್ನನ್ನು ನೋಡಿದರು. ಬೆಲ್ ಆಯಿತು, ಯಾರೂ ಏಳಲಿಲ್ಲ.

ಆ ಸಂಜೆ ಸಾಹುಕಾರರ ಬಳಿ ಹೋಗಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ಬೀಗ ಹಾಕಿ ಅಂತ ನಾನು ಹೇಳಿದ್ನಾ ರೈಟರೇ?"

"ಇಲ್ಲ ದೊರೆ. ಏನಾದ್ರೂ ಮಾಡಿ ಅಂದ್ರಿ."

"ಹಂಗಾದ್ರೆ ಏನಾದ್ರೂ ಮಾಡಿ" ಎಂದು ಫೋನು ನೋಡತೊಡಗಿದರು. ಅದರಿಂದ ಕಣ್ಣೆತ್ತದೆ, "ಬೆಳಿಗ್ಗೆ ತೆಗೆದು, ಮಕ್ಳು ದಾಟಿದ್ ಮೇಲೆ ಹಾಕಿ. ಸಂಜೇನೂ ಅಷ್ಟೆ. ನೀವೇ ನಿಂತ್ಕೊಂಡು ನೋಡ್ಕೋಬೇಕು" ಎಂದರು. ಅವರ ಮನಸ್ಸು ಕರಗಿತು ಎಂದು ನಾನು ಊರೆಲ್ಲ ಹೇಳಿದೆ. ಆಮೇಲೆ ತಿಳಿಯಿತು: ಆ ಇಬ್ಬರು ಅತಿಥಿಗಳ ವಿಡಿಯೊ ನೋಡಿದವರು ಶಾಲೆಯ ಮಕ್ಕಳನ್ನು ನೋಡಬೇಕು ಎಂದು ಕೇಳತೊಡಗಿದ್ದರಂತೆ. ಈಗ ಹೋಮ್‌ಸ್ಟೇಯ ಬೋರ್ಡಿನಲ್ಲಿ ಹಕ್ಕಿ ವೀಕ್ಷಣೆಯ ಕೆಳಗೆ "ಶಾಲಾ ಮಕ್ಕಳೊಂದಿಗೆ ಮುಂಜಾನೆಯ ನಡಿಗೆ" ಎಂದು ಸೇರಿದೆ. ಮಕ್ಕಳ ನಕ್ಷೆಯಲ್ಲಿ ಅದೇ ಜಾಗದಲ್ಲಿ "ಇಲ್ಲಿ ಫೋಟೊ ತೆಗೆಯುವವರು ಇರುತ್ತಾರೆ, ಓಡಿ" ಎಂದು ಸೇರಿದೆ.

ದಿನಾ ಎಂಟೂವರೆಗೆ ನಾನು ಗೇಟಿನ ಬಳಿ ನಿಲ್ಲುತ್ತೇನೆ. ಮೊಮ್ಮಗಳು ಸುತ್ತು ದಾರಿಯಾದರೂ ನನ್ನ ಜೊತೆ ಬಂದು ಅಲ್ಲಿ ಲೈನಿನ ಮಕ್ಕಳನ್ನು ಸೇರಿಕೊಳ್ಳುತ್ತಾಳೆ. ಅವರಿಬ್ಬರೂ ಮತ್ತೆ ಒಂದೇ ಬೆಂಚಿಗೆ ಬಂದಿದ್ದಾರೆ. ನಡುವೆ ಒಂದು ಚೀಲದಷ್ಟು ಜಾಗ ಇತ್ತು. ಈಚೆಗೆ ಅದು ಊಟದ ಡಬ್ಬಿಯಷ್ಟಾಗಿದೆ. ಹುಡುಗಿ ನನ್ನ ಜೊತೆ ಮಾತಾಡುವುದಿಲ್ಲ. ಆದರೆ ಶಾಲೆ ಮುಟ್ಟಿದ ಕೂಡಲೇ ನಕ್ಷೆಯಲ್ಲಿ ಗೇಟಿನ ಪಕ್ಕ ನನ್ನ ಹಾಜರಿ ಹಾಕುತ್ತಾಳೆ. "ರೈಟರ್ ತಾತ ಬಂದಿದ್ದಾರೆ." ನಾನು ಎಷ್ಟೋ ಸಾವಿರ ಜನರ ಹಾಜರಿ ಹಾಕಿದವನು, ನನ್ನದು ಈಗ ಶುರುವಾಗಿದೆ.

ಮೊನ್ನೆ ಮಳೆಗೆ ಕೊಡೆ ಹುಡುಕುತ್ತ ತಡವಾಯಿತು. ಮೊಮ್ಮಗಳು ಕಾದು ಸಾಕಾಗಿ ಮುಂದೆ ಹೋಗಿದ್ದಳು. ನಾನು ಮುಟ್ಟುವಾಗ ಮಕ್ಕಳು ಗೇಟಿನ ಆಚೆ ನೆನೆಯುತ್ತ ನಿಂತಿದ್ದರು. ಗೇಟು ತೆರೆದ ಕೂಡಲೇ ಸಾಲಾಗಿ ದಾಟಿ ಹೋದರು. ತಡೆಯಲಾರದೆ ಹಿಂದೆಯೇ ಶಾಲೆಗೆ ಹೋದೆ. ಬೀರುವಿಗೆ ಈಗ ಬೀಗವಿಲ್ಲ, ಬಲ್ಬು ಮಾತ್ರ ಉರಿಯುತ್ತದೆ. ನನ್ನ ಹೆಸರಿನ ಟ್ಯಾಬ್ ತೆಗೆದು ನೋಡಿದೆ. ಗೇಟಿನ ಪಕ್ಕ ಕೆಂಪು ಅಕ್ಷರದಲ್ಲಿ: "ರೈಟರ್ ತಾತ ತಡ."

ಬೆರಳು ತಾನಾಗಿ ರಬ್ಬರಿನ ಚಿತ್ರದ ಮೇಲೆ ಹೋಗಿತ್ತು. ಎತ್ತಿದೆ. ಅದರ ಕೆಳಗೆ "ಹೌದು, ತಡವಾಯಿತು" ಎಂದು ಬರೆಯತೊಡಗಿದೆ. ಅಕ್ಷರ ಹುಡುಕಿ ಮುಗಿಸುವಷ್ಟರಲ್ಲಿ ಅದರ ಕೆಳಗೆ ಯಾರೋ ಬರೆದಿದ್ದರು: "ಕೊಡೆ ಬಾಗಿಲ ಹಿಂದೆ ಇರುತ್ತದೆ. ನಾಳೆ ಬೇಗ ಬನ್ನಿ."

ಯಾರೆಂದು ಪಕ್ಕದ ಪುಟ್ಟ ಹೆಸರನ್ನು ಓದಲು ಕನ್ನಡಕ ಒರೆಸಿಕೊಂಡೆ. ಮೊಮ್ಮಗಳ ಹೆಸರು. ಬೆರಳೂ ಅವಳದೇ.